ಬಿಡುವಿಲ್ಲದ ಮನೆಗಳಿಗಾಗಿ ಬಳಸಿದ ಬಟ್ಟೆಗಳ ಆನ್‌ಲೈನ್ ಮಾರಾಟ: ಆರಂಭಿಸುವ ಬಗೆ

ಮಕ್ಕಳಿರುವ ಮನೆಯ ಕಪಾಟಿನಲ್ಲಿ, ಇನ್ನೂ ಗಟ್ಟಿಯಾಗಿದ್ದರೂ ಯಾರ ಮೈಗೂ ಆಗದ ಬಟ್ಟೆಗಳ ಒಂದು ರಾಶಿ ಇದ್ದೇ ಇರುತ್ತದೆ. ಮಗು ಹುಟ್ಟಿದ ಮೊದಲ ವರ್ಷದಲ್ಲಿ ಸುಮಾರು 25 ಸೆಂಟಿಮೀಟರ್ ಬೆಳೆಯುತ್ತದೆ, ಅದರ ತೂಕ ಹುಟ್ಟಿದಾಗಿನ ಮೂರು ಪಟ್ಟಿನಷ್ಟಾಗುತ್ತದೆ. ಯುರೋಪಿನಲ್ಲಿ ಮಕ್ಕಳ ಬಟ್ಟೆಯ ಅಳತೆಯನ್ನು ಮಗುವಿನ ಎತ್ತರದ ಲೆಕ್ಕದಲ್ಲಿ 56, 62, 68, 74, 80 ಎಂದು ಆರಾರು ಸೆಂಟಿಮೀಟರ್ ಏರಿಸುತ್ತ ಹೋಗುತ್ತಾರೆ. ಆ ಲೆಕ್ಕ ಹಿಡಿದರೆ ಒಂದು ಮಗು ತನ್ನ ಮೊದಲ ಹುಟ್ಟುಹಬ್ಬದೊಳಗೆ ನಾಲ್ಕೈದು ಅಳತೆಗಳನ್ನು ದಾಟಿಬಿಡುತ್ತದೆ. ಎರಡು ತಿಂಗಳಷ್ಟೇ ತೊಟ್ಟ ಅಂಗಿ ಸವೆದಿರುವುದಿಲ್ಲ. ಇನ್ನೊಂದು ಮಗುವಿನ ಮೈಮೇಲೆ ಇರಬೇಕಾದ ಆ ಅಂಗಿ ಪ್ಲಾಸ್ಟಿಕ್ ಚೀಲದೊಳಗೆ ಮಂಚದ ಕೆಳಗೆ ವರ್ಷಗಟ್ಟಲೆ ಬಿದ್ದಿರುತ್ತದೆ.

ಅದನ್ನು ಮಾರಲು ಮನೆಯವರಿಗೆ ಮನಸ್ಸಿಲ್ಲವೆಂದಲ್ಲ, ಬಿಡುವಿಲ್ಲ. ಒಂದೊಂದು ಬಟ್ಟೆಯ ಚಿತ್ರ ತೆಗೆದು, ವಿವರ ಬರೆದು, ಬೆಲೆ ಚೌಕಾಸಿ ಮಾಡುವವರಿಗೆ ಉತ್ತರಿಸಿ, ಕೊನೆಗೆ ಪಾರ್ಸೆಲ್ ಕಟ್ಟಿ ಕಳುಹಿಸುವಷ್ಟು ಸಮಯ, ಕೆಲಸಕ್ಕೆ ಹೋಗುವ ತಂದೆ ತಾಯಿಗಳಿಗೆ ಸಿಗುವುದೇ ಇಲ್ಲ. ಈ ಕೆಲಸವನ್ನು ಅವರ ಪರವಾಗಿ ಮಾಡುವುದೇ ನೀವು ಆರಂಭಿಸಲಿರುವ ಸೇವೆ. ಆದರೆ ಅವರ ಮನೆಯಲ್ಲಿ ಉಳಿದ ಗಂಟೆಗಳು ಎಲ್ಲಿಗೂ ಮಾಯವಾಗುವುದಿಲ್ಲ. ಅವೆಲ್ಲ ನಿಮ್ಮ ಮೇಜಿನ ಮೇಲೆ ಬಂದು ಕೂರುತ್ತವೆ. ಹಾಗಾಗಿ ಒಂದು ಬಟ್ಟೆಗೆ ಎಷ್ಟು ನಿಮಿಷ ತಗಲುತ್ತದೆ ಎಂಬ ಪ್ರಶ್ನೆಯನ್ನು ಮೊದಲ ದಿನದಿಂದಲೇ ಕೇಳಿಕೊಳ್ಳಬೇಕು. ಈ ಉದ್ಯಮ ನಿಲ್ಲುವುದೂ ಬೀಳುವುದೂ ಆ ನಿಮಿಷಗಳ ಮೇಲೆಯೇ.

ಯಾವ ಮಾದರಿ?

ಬಳಸಿದ ಬಟ್ಟೆಯನ್ನು ಆನ್‌ಲೈನ್‌ನಲ್ಲಿ ಮಾರುವ ಎರಡು ದಾರಿಗಳನ್ನು ಎರಡು ಹೆಸರಾಂತ ಸಂಸ್ಥೆಗಳು ತೋರಿಸಿಕೊಟ್ಟಿವೆ. 2008ರಲ್ಲಿ ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ ಹುಟ್ಟಿದ ವಿಂಟೆಡ್‌ನಲ್ಲಿ ಮಾರುವವರೂ ಕೊಳ್ಳುವವರೂ ನೇರವಾಗಿ ವ್ಯವಹರಿಸುತ್ತಾರೆ. ಚಿತ್ರ ತೆಗೆಯುವುದರಿಂದ ಹಿಡಿದು ಪಾರ್ಸೆಲ್ ಕಟ್ಟುವವರೆಗಿನ ಕೆಲಸ ಮಾರುವವರದೇ. 2009ರಲ್ಲಿ ಅಮೆರಿಕದಲ್ಲಿ ಆರಂಭವಾದ ಥ್ರೆಡ್‌ಅಪ್ ಮೊದಲು ಶರ್ಟುಗಳ ವಿನಿಮಯವನ್ನೂ ಬಳಿಕ ಮಕ್ಕಳ ಬಟ್ಟೆಗಳ ವಿನಿಮಯವನ್ನೂ ನಡೆಸಿ, ಕೊನೆಗೆ ಮನೆಗೆ ಚೀಲ ಕಳುಹಿಸಿ ತುಂಬಿದ ಚೀಲವನ್ನು ವಾಪಸ್ಸು ಪಡೆದು ಉಳಿದ ಕೆಲಸವನ್ನೆಲ್ಲ ತಾನೇ ಮಾಡುವ ಪದ್ಧತಿಗೆ ಬಂತು. ಬಿಡುವಿಲ್ಲದ ಮನೆಗಳಿಗೆ ಹೊಂದುವುದು ಈ ಎರಡನೆಯ ದಾರಿ. ಮೊದಲನೆಯದನ್ನು ಕಟ್ಟಲು ಸಾವಿರಾರು ಬಳಕೆದಾರರು ಏಕಕಾಲಕ್ಕೆ ಬೇಕು. ಎರಡನೆಯದನ್ನು ಹತ್ತು ಮನೆಗಳಿಂದಲೂ ಆರಂಭಿಸಬಹುದು.

ಚೀಲ ಪಡೆದ ಮೇಲೆ ಬಟ್ಟೆಯನ್ನು ಕೂಡಲೇ ಹಣ ಕೊಟ್ಟು ಕೊಳ್ಳಬೇಕೋ, ಮಾರಾಟವಾದ ಮೇಲೆ ಪಾಲು ಕೊಡಬೇಕೋ ಎಂಬುದು ಮುಂದಿನ ಪ್ರಶ್ನೆ. ಕೂಡಲೇ ಹಣ ಕೊಟ್ಟರೆ ಮನೆಯವರಿಗೆ ಸಂತೋಷ, ಲೆಕ್ಕವೂ ಸುಲಭ, ಆದರೆ ಮಾರಾಟವಾಗದ ಬಟ್ಟೆಯ ಹೊರೆಯೆಲ್ಲ ನಿಮ್ಮದಾಗುತ್ತದೆ. ಪಾಲಿನ ಪದ್ಧತಿಯಲ್ಲಿ ಬಂಡವಾಳ ಕಡಿಮೆ ಸಾಕು, ಆದರೆ ಪ್ರತಿಯೊಂದು ಬಟ್ಟೆಯ ಲೆಕ್ಕವನ್ನೂ ತಿಂಗಳುಗಟ್ಟಲೆ ಇಟ್ಟುಕೊಳ್ಳಬೇಕು. ಮೊದಲ ಆರು ತಿಂಗಳು ಪಾಲಿನ ಪದ್ಧತಿಯಲ್ಲೇ ನಡೆಸಿ, ಯಾವ ಬಗೆಯ ಬಟ್ಟೆ ಎಷ್ಟು ದಿನದಲ್ಲಿ ಹೋಗುತ್ತದೆ ಎಂಬ ಅಂದಾಜು ಕೈಗೆ ಹತ್ತಿದ ಮೇಲೆ, ಬೇಗ ಮಾರಾಟವಾಗುವ ಬಗೆಗಳಿಗೆ ಮಾತ್ರ ಮುಂಗಡ ಹಣ ಕೊಡುವುದು ಲೇಸೆಂಬುದು ನನ್ನ ಅಭಿಪ್ರಾಯ. ಪಾಲನ್ನು ಹಣವಾಗಿ ಪಡೆಯುವ ಬದಲು ನಿಮ್ಮಲ್ಲೇ ಮುಂದಿನ ಅಳತೆಯ ಬಟ್ಟೆ ಕೊಳ್ಳಲು ಬಳಸುವವರಿಗೆ ಸ್ವಲ್ಪ ಹೆಚ್ಚು ಪಾಲು ಕೊಡಿ. ಮಗು ಬೆಳೆಯುತ್ತಲೇ ಇರುವುದರಿಂದ ಅದೇ ಮನೆ ನಿಮಗೆ ಮಾರುವವರೂ ಆಗುತ್ತದೆ, ಕೊಳ್ಳುವವರೂ ಆಗುತ್ತದೆ.

ನಿಮಿಷಗಳ ಲೆಕ್ಕ

ಒಂದು ಬಟ್ಟೆಯನ್ನು ಪರೀಕ್ಷಿಸಲು 2 ನಿಮಿಷ, ಒಗೆದು ಹಬೆ ಹಿಡಿದು ಸಿದ್ಧಪಡಿಸಲು 3, ಅಳತೆ ತೆಗೆದು ಚಿತ್ರ ತೆಗೆಯಲು 4, ವಿವರ ಬರೆಯಲು 2, ಸಂಖ್ಯೆ ಹಚ್ಚಿ ಜೋಡಿಸಿಡಲು 1, ಮಾರಾಟವಾದಾಗ ಹುಡುಕಿ ತೆಗೆದು ಕಟ್ಟಲು 4 ನಿಮಿಷ ಎಂದುಕೊಳ್ಳೋಣ. ಒಟ್ಟು 16 ನಿಮಿಷವಾಯಿತು. 40 ಬಟ್ಟೆಗಳ ಚೀಲದಲ್ಲಿ 20 ಮಾತ್ರ ಮಾರಲು ಯೋಗ್ಯವಾಗಿದ್ದರೆ, ಅವಕ್ಕೆ 320 ನಿಮಿಷ ಮತ್ತು ತಿರಸ್ಕರಿಸಿದ 20 ಬಟ್ಟೆಗಳ ಪರೀಕ್ಷೆಗೆ 40 ನಿಮಿಷ ಸೇರಿ ಸರಿಯಾಗಿ ಆರು ಗಂಟೆ ಹಿಡಿಯುತ್ತದೆ. ಪುಟ್ಟ ಅಂಗಿಯೊಂದನ್ನು ಬಿಡಿಯಾಗಿ ಮಾರಿದರೆ ಬರುವ ಹಣ ಈ ದುಡಿಮೆಗೆ ಸಾಲುವುದಿಲ್ಲ.

ಅದೇ 20 ಬಟ್ಟೆಗಳನ್ನು ಒಂದೇ ಅಳತೆಯ, ಒಂದೇ ಋತುವಿನ ಐದೈದು ಬಟ್ಟೆಗಳ ನಾಲ್ಕು ಕಟ್ಟುಗಳನ್ನಾಗಿ ಮಾಡಿ ನೋಡಿ. ಪರೀಕ್ಷೆ ಮತ್ತು ಶುಚಿಗೊಳಿಸುವ ಕೆಲಸಕ್ಕೆ 100 ನಿಮಿಷ ಹೇಗೂ ಬೇಕು. ಆದರೆ ಚಿತ್ರ, ವಿವರ, ಜೋಡಣೆ, ಪಾರ್ಸೆಲ್ ಎಲ್ಲವೂ ಕಟ್ಟಿಗೆ ಒಮ್ಮೆ ಮಾತ್ರ, ಅಂದರೆ ಕಟ್ಟೊಂದಕ್ಕೆ 15 ನಿಮಿಷದಂತೆ 60 ನಿಮಿಷ. ತಿರಸ್ಕೃತ ಬಟ್ಟೆಗಳ 40 ನಿಮಿಷ ಸೇರಿಸಿದರೂ ಮೂರು ಗಂಟೆ ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಕೊಳ್ಳುವ ತಾಯಿಗೂ ಇದೇ ಅನುಕೂಲ: ಐದು ಬಾರಿ ಹುಡುಕಿ, ಐದು ಬಾರಿ ಕೊರಿಯರ್ ಖರ್ಚು ಕೊಡುವ ಬದಲು, ಮಗುವಿನ ಎತ್ತರವನ್ನು ಆರಿಸಿದರೆ ಒಂದು ಋತುವಿನ ಬಟ್ಟೆ ಒಂದೇ ಪೆಟ್ಟಿಗೆಯಲ್ಲಿ ಬರುತ್ತದೆ. ಬಿಡಿಯಾಗಿ ಮಾರಾಟವನ್ನು ಜಾಕೆಟ್ಟು, ಸಮಾರಂಭದ ಉಡುಪು, ದೊಡ್ಡವರ ಕೋಟು ಮುಂತಾದ ಹೆಚ್ಚು ಬೆಲೆಯ ಬಟ್ಟೆಗಳಿಗೆ ಮೀಸಲಿಡಿ.

ನನ್ನ ಅಂಕಿಗಳನ್ನು ನಂಬಿ ಕೂರಬೇಡಿ. ಮೊದಲ ಮೂರು ಚೀಲಗಳನ್ನು ತೆರೆಯುವಾಗ ಗಡಿಯಾರವನ್ನು ಎದುರಿಗಿಟ್ಟುಕೊಂಡು ನಿಮ್ಮ ಕೈಯ ವೇಗವನ್ನು ನೀವೇ ಬರೆದಿಟ್ಟುಕೊಳ್ಳಿ.

ಹತ್ತು ಮನೆಗಳಿಂದ ಆರಂಭ

ಜಾಲತಾಣ ಕಟ್ಟಿಸುವುದಕ್ಕೆ ಮೊದಲು ಪರಿಚಯದ ಹತ್ತು ಮನೆಗಳನ್ನು ಆರಿಸಿಕೊಳ್ಳಿ. ಒಂದು ಸ್ಪ್ರೆಡ್‌ಶೀಟು, ಒಂದು ವಾಟ್ಸಾಪ್ ಗುಂಪು ಮತ್ತು ಹಣ ಪಾವತಿಗೊಂದು ಸುರಕ್ಷಿತ ಕೊಂಡಿ ಇದ್ದರೆ ಮೊದಲ ಮೂರು ತಿಂಗಳಿಗೆ ಧಾರಾಳವಾಗಿ ಸಾಕು. ಪ್ರತಿ ಮನೆಗೂ ಗಟ್ಟಿಯಾದ ಒಂದು ಚೀಲವನ್ನು ಕೊಡಿ. ಅದರೊಳಗೆ ಒಂದೇ ಪುಟದ ಸೂಚನಾ ಹಾಳೆ ಇರಲಿ. ಯಾವ ಬಟ್ಟೆ ಬೇಡ ಎಂಬುದನ್ನು ಆ ಹಾಳೆಯಲ್ಲಿ ಮೊದಲಿಗೇ ಹೇಳಿಬಿಡಬೇಕು: ಒಳಉಡುಪು, ಒಗೆಯದ ಬಟ್ಟೆ, ಹರಿದದ್ದು, ಕಲೆಯಾದದ್ದು. ನಾವು ಒಪ್ಪದ ಬಟ್ಟೆಯನ್ನು ನಿಮಗೆ ಹಿಂತಿರುಗಿಸಬೇಕೇ ಅಥವಾ ದಾನಕ್ಕೆ ಕೊಡಬಹುದೇ ಎಂಬ ಪ್ರಶ್ನೆಗೂ ಅಲ್ಲೇ ಗುರುತು ಹಾಕಿಸಿಕೊಳ್ಳಿ. ಈ ಒಂದು ಪ್ರಶ್ನೆಯನ್ನು ಮೊದಲೇ ಕೇಳದಿದ್ದರೆ, ತಾವು ಮಗುವಿಗೆ ಅಕ್ಕರೆಯಿಂದ ತೊಡಿಸಿದ ಅಂಗಿಯನ್ನು ಹೇಳದೆ ಕೇಳದೆ ಎಲ್ಲಿಗೋ ಸಾಗಿಸಿದರೆಂದು ಮನೆಯವರಿಗೆ ನೋವಾಗುತ್ತದೆ, ಆ ನೋವು ನ್ಯಾಯವಾದದ್ದು.

ಚೀಲ ತಲುಪಿದ ದಿನವೇ ತಲುಪಿದೆಯೆಂದೂ, ವಾರದೊಳಗೆ ಎಷ್ಟು ಬಟ್ಟೆ ಒಪ್ಪಿದ್ದೇವೆ, ಎಷ್ಟನ್ನು ಏಕೆ ಬಿಟ್ಟಿದ್ದೇವೆ ಎಂದೂ ಸಂದೇಶ ಕಳುಹಿಸಿ. ಪಾಲಿನ ಹಣವನ್ನು ತಿಂಗಳ ಒಂದು ನಿಶ್ಚಿತ ದಿನ ಅವರು ಕೇಳುವ ಮೊದಲೇ ಸಂದಾಯ ಮಾಡಿ.

ಬಟ್ಟೆಯ ಪರೀಕ್ಷೆ

ಇಡೀ ಸೇವೆಯ ಹೆಸರು ಉಳಿಯುವುದು ಈ ಮೇಜಿನಲ್ಲಿ. ಕಿಟಕಿಯ ಪಕ್ಕದಲ್ಲಿ, ಹಗಲು ಬೆಳಕು ಬೀಳುವ ಕಡೆ, ಬಿಳಿ ಹೊದಿಕೆಯ ಮೇಜನ್ನು ಹಾಕಿಕೊಳ್ಳಿ. ವಿದ್ಯುದ್ದೀಪದ ಹಳದಿ ಬೆಳಕಿನಲ್ಲಿ ಹಳದಿ ಕಲೆ ಕಣ್ಣಿಗೆ ಬೀಳುವುದಿಲ್ಲ.

ಒಂದು ಮಗುವಿನ ಪ್ಯಾಂಟನ್ನು ಉದಾಹರಣೆಗೆ ತೆಗೆದುಕೊಳ್ಳಿ. ಮೇಜಿನ ಮೇಲೆ ಹಾಸಿದಾಗ ಅದು ಹೊಸದರಂತೆಯೇ ಕಾಣುತ್ತದೆ. ಈಗ ಒಂದು ಕಾಲಿನೊಳಗೆ ಕೈ ತೂರಿಸಿ ಮೊಣಕಾಲಿನ ಭಾಗವನ್ನು ಬೆಳಕಿಗೆ ಹಿಡಿಯಿರಿ. ಬೆರಳುಗಳ ನೆರಳು ಅಲ್ಲಿ ಮಾತ್ರ ಸ್ಪಷ್ಟವಾಗಿ ಕಂಡರೆ, ನೂಲು ಸವೆದು ತೆಳುವಾಗಿದೆ, ಇನ್ನು ನಾಲ್ಕು ಒಗೆತಕ್ಕೆ ತೂತು ಬೀಳುತ್ತದೆ. ಸೊಂಟದ ಎಲಾಸ್ಟಿಕ್ಕನ್ನು ಎರಡೂ ಕೈಯಿಂದ ಎಳೆದು ಬಿಡಿ. ಬಿಟ್ಟ ಕೂಡಲೇ ಹಿಂದಕ್ಕೆ ಬರದೆ ಅಲೆಅಲೆಯಾಗಿ ನಿಂತರೆ ಅದು ಸತ್ತಿದೆ. ಸೊಂಟದ ಪಟ್ಟಿಯ ಒಳಗೆ ಕಾಜಾಗಳಿರುವ ಎಲಾಸ್ಟಿಕ್ಕೂ ಚಿಕ್ಕ ಗುಂಡಿಯೂ ಇದ್ದರೆ ಅದನ್ನು ವಿವರದಲ್ಲಿ ತಪ್ಪದೆ ಬರೆಯಿರಿ, ಏಕೆಂದರೆ ಹಾಗೆ ಬಿಗಿ ಸಡಿಲ ಮಾಡಬಹುದಾದ ಪ್ಯಾಂಟು ಒಂದು ವರ್ಷ ಹೆಚ್ಚು ಬಾಳುತ್ತದೆ. ಜಿಪ್ಪನ್ನು ಮೂರು ಬಾರಿ ಎಳೆದು ನೋಡಿ. ಕಾಲಿನ ಅಂಚನ್ನು ಮಡಚಿ ಹೊಲಿದಿದ್ದರೆ, ಬಿಚ್ಚಿದರೆ ಎಷ್ಟು ಉದ್ದ ಬಿಡಿಸಬಹುದೆಂದು ಅಳೆಯಿರಿ. ಕೊನೆಗೆ ಜೇಬುಗಳನ್ನು ಹೊರಮೈ ಮಾಡಿ. ಗೋಲಿಯೋ, ಕೀಲಿಯೋ, ಮಡಚಿದ ಚೀಟಿಯೋ ಸಿಕ್ಕಿದರೆ ಅದನ್ನು ಚೀಲದ ಸಂಖ್ಯೆ ಬರೆದ ಲಕೋಟೆಯಲ್ಲಿ ಹಾಕಿ ಮನೆಗೆ ತಲುಪಿಸಬೇಕು.

ಮೇಲಂಗಿಗಳಲ್ಲಿ ಕಾಲರಿನ ಒಳಮೈ, ಕಂಕುಳು, ಮುಂಗೈಯ ಅಂಚು ಈ ಮೂರನ್ನು ನೋಡಿದರೆ ಮುಕ್ಕಾಲು ಪರೀಕ್ಷೆ ಮುಗಿದಂತೆ. ವಾಸನೆಯ ವಿಷಯದಲ್ಲಿ ಮಾತ್ರ ಅವಸರ ಬೇಡ. ಅನುಮಾನವಿದ್ದ ಬಟ್ಟೆಯನ್ನು ಬಾಯಿ ಕಟ್ಟಿದ ಚೀಲದಲ್ಲಿ ಒಂದು ರಾತ್ರಿ ಇಟ್ಟು ಬೆಳಿಗ್ಗೆ ತೆರೆದರೆ, ಮುಗ್ಗಲು ವಾಸನೆಯೋ ಹೊಗೆಯ ವಾಸನೆಯೋ ಇದ್ದರೆ ಮೂಗಿಗೆ ಬಡಿಯುತ್ತದೆ. ಬಟ್ಟೆಯ ಮೇಲೆ ಮಗುವಿನ ಹೆಸರು ಅಥವಾ ಶಾಲೆಯ ಹೆಸರಿನ ಪಟ್ಟಿ ಹೊಲಿದಿದ್ದರೆ ಚೂಪಾದ ಕತ್ತರಿಯಿಂದ ಬಿಚ್ಚಿ ತೆಗೆದ ಮೇಲೆಯೇ ಚಿತ್ರ ತೆಗೆಯಿರಿ. ಯಾವ ಮಗುವಿನ ಹೆಸರೂ ನಿಮ್ಮ ಮೂಲಕ ಅಪರಿಚಿತರ ಕೈಗೆ ಹೋಗಬಾರದು.

ಒಗೆತ, ಕಲೆ, ಕೀಟ

ಬಟ್ಟೆಯ ಒಳಗಿನ ಲೇಬಲ್ಲಿನಲ್ಲಿರುವ ಚಿಹ್ನೆಗಳನ್ನು ಓದುವುದನ್ನು ಕಲಿಯಿರಿ. ತೊಟ್ಟಿಯ ಚಿಹ್ನೆ ಒಗೆತಕ್ಕೆ, ಅದರೊಳಗಿನ ಅಂಕಿ ನೀರಿನ ಗರಿಷ್ಠ ಸೆಲ್ಸಿಯಸ್ ಉಷ್ಣತೆಗೆ, ತ್ರಿಕೋನ ಬ್ಲೀಚಿಗೆ, ಚೌಕ ಒಣಗಿಸುವುದಕ್ಕೆ, ವೃತ್ತ ಡ್ರೈಕ್ಲೀನಿಂಗ್‌ನಂತಹ ವೃತ್ತಿಪರ ಶುಚಿಗೆ ಸಂಬಂಧಿಸಿದೆ. ಇಸ್ತ್ರಿಪೆಟ್ಟಿಗೆಯ ಗುರುತನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಮಕ್ಕಳ ಬಟ್ಟೆಯಲ್ಲಿ ಹಾಲು ಬಿದ್ದ ಜಾಗ ಒಗೆದಾಗ ಮಾಯವಾಗಿ, ತಿಂಗಳುಗಟ್ಟಲೆ ಮಡಚಿಟ್ಟ ಮೇಲೆ ಹಳದಿಯಾಗಿ ಮತ್ತೆ ಕಾಣಿಸಿಕೊಳ್ಳುತ್ತದೆ. ನೂಲಿನಲ್ಲಿ ಉಳಿದ ಜಿಡ್ಡು ಮತ್ತು ಪ್ರೋಟೀನು ಗಾಳಿಯೊಂದಿಗೆ ಬೆರೆತು ಬಣ್ಣ ತಿರುಗುವುದೇ ಇದಕ್ಕೆ ಕಾರಣ. ಎಂಜೈಮ್ ಇರುವ ಮಾರ್ಜಕದಲ್ಲಿ ಕೆಲವು ಗಂಟೆ ನೆನೆಸಿ, ಆನಂತರ ಸೋಡಿಯಂ ಪರ್‌ಕಾರ್ಬನೇಟ್ ಎಂಬ ಬ್ಲೀಚು ಪುಡಿ ಬೆರೆಸಿದ ಬೆಚ್ಚಗಿನ ನೀರಿನಲ್ಲಿ ಒಗೆದರೆ ಇಂಥ ಕಲೆಗಳಲ್ಲಿ ಬಹಳಷ್ಟು ಹೋಗುತ್ತವೆ, ಆದರೆ ಉಣ್ಣೆಗೂ ರೇಷ್ಮೆಗೂ ಇದು ಸಲ್ಲದು. ರಕ್ತದ ಕಲೆಗೆ ತಣ್ಣೀರೇ ಬೇಕು, ಬಿಸಿನೀರು ಅದನ್ನು ನೂಲಿನೊಳಗೆ ಗಟ್ಟಿಮಾಡುತ್ತದೆ. ಇಪ್ಪತ್ತು ನಿಮಿಷದ ಶ್ರಮಕ್ಕೂ ಬಗ್ಗದ ಕಲೆಯನ್ನು ಕೈಬಿಡಿ.

ಬೇರೆ ಬೇರೆ ಮನೆಗಳ ಬಟ್ಟೆ ಒಂದೆಡೆ ಸೇರುವುದರಿಂದ ತಿಗಣೆಯ ಭಯ ನಿಜವಾದದ್ದು. ಬಂದ ಚೀಲವನ್ನು ಸ್ಟಾಕ್ ಇರುವ ಕೋಣೆಗೆ ನೇರವಾಗಿ ಒಯ್ಯದೆ ಪ್ರತ್ಯೇಕ ಜಾಗದಲ್ಲಿ ತೆರೆಯಿರಿ. ಶಾಖ ತಡೆಯುವ ಬಟ್ಟೆಗಳನ್ನು ಡ್ರೈಯರ್‌ನ ಹೆಚ್ಚಿನ ಶಾಖದಲ್ಲಿ ಅರ್ಧ ಗಂಟೆ ತಿರುಗಿಸಿದರೆ ತಿಗಣೆಯೂ ಅದರ ಮೊಟ್ಟೆಯೂ ಉಳಿಯುವುದಿಲ್ಲ. ಉಣ್ಣೆಯ ಬಟ್ಟೆಯನ್ನು ತಿನ್ನುವ ನುಸಿಯ ಮರಿಗಳಿಗೆ, ಬಟ್ಟೆಯನ್ನು ಬಿಗಿಯಾದ ಚೀಲದಲ್ಲಿ ಹಾಕಿ ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಡುವುದು ವಸ್ತುಸಂಗ್ರಹಾಲಯಗಳವರೂ ಅನುಸರಿಸುವ ಕ್ರಮ.

ಮಕ್ಕಳ ಸುರಕ್ಷತೆ

ಈ ವಿಷಯದಲ್ಲಿ ರಿಯಾಯಿತಿಗೆ ಎಡೆಯಿಲ್ಲ. ಹಳೆಯ ಜಾಕೆಟ್ಟುಗಳ ಟೊಪ್ಪಿಯಲ್ಲಿ ಕುತ್ತಿಗೆಯ ಸುತ್ತ ಬರುವ ಲಾಡಿ, ಜಾರುಬಂಡೆಗೋ ವಾಹನದ ಬಾಗಿಲಿಗೋ ಸಿಕ್ಕಿಕೊಂಡು ಮಕ್ಕಳ ಪ್ರಾಣ ತೆಗೆದ ಪ್ರಕರಣಗಳು ನಡೆದಿವೆ. ಆ ಕಾರಣಕ್ಕಾಗಿಯೇ ಯುರೋಪಿನ ಇಎನ್ 14682 ಮಾನದಂಡ ಚಿಕ್ಕ ಮಕ್ಕಳ ಉಡುಪಿನ ಟೊಪ್ಪಿ ಮತ್ತು ಕುತ್ತಿಗೆಯಲ್ಲಿ ಲಾಡಿ ಇರಕೂಡದೆನ್ನುತ್ತದೆ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗವೂ 2011ರಲ್ಲಿ ಇಂಥ ಲಾಡಿಗಳಿರುವ ಮಕ್ಕಳ ಮೇಲುಡುಪನ್ನು ಗಂಭೀರ ಅಪಾಯವೆಂದು ಘೋಷಿಸಿತು. ನಿಮ್ಮ ಕೈಗೆ ಬರುವ ಬಟ್ಟೆ ಈ ನಿಯಮಗಳಿಗಿಂತ ಹಳೆಯದಾಗಿರಬಹುದು. ಲಾಡಿಯನ್ನು ಪೂರ್ತಿಯಾಗಿ ಎಳೆದು ತೆಗೆಯಿರಿ, ತೆಗೆಯಲಾಗದಿದ್ದರೆ ಮಾರಬೇಡಿ. ಸಡಿಲವಾದ ಗುಂಡಿ, ಅಂಟಿಸಿದ ಮಣಿ, ಕೀಳಬಹುದಾದ ಲೋಹದ ಚೂರು ಇವುಗಳನ್ನು ಬೆರಳಿನಿಂದ ಬಲವಾಗಿ ಎಳೆದು ಪರೀಕ್ಷಿಸಿ. ತಯಾರಕರು ದೋಷದ ಕಾರಣ ಹಿಂದಕ್ಕೆ ಕರೆಸಿಕೊಂಡ ಉಡುಪುಗಳ ಪಟ್ಟಿಯನ್ನು ತಿಂಗಳಿಗೊಮ್ಮೆ ನೋಡುವ ಅಭ್ಯಾಸವಿರಲಿ. ಅಂಥದ್ದನ್ನು ಬಳಸಿದ ವಸ್ತುವಾಗಿ ಮಾರುವುದೂ ಅಮೆರಿಕದಲ್ಲಿ 2008ರ ಕಾನೂನಿನಂತೆ ಅಪರಾಧ. ಯುರೋಪಿನ ಒಕ್ಕೂಟದಲ್ಲಿ 2024ರ ಡಿಸೆಂಬರ್ 13ರಿಂದ ಜಾರಿಯಲ್ಲಿರುವ ಉತ್ಪನ್ನ ಸುರಕ್ಷತಾ ನಿಯಮ ಬಳಸಿದ ವಸ್ತುಗಳಿಗೂ ಅನ್ವಯಿಸುತ್ತದೆ. ನೀವು ವ್ಯಾಪಾರ ಮಾಡುವ ದೇಶದ ನಿಯಮವನ್ನು ಆರಂಭದಲ್ಲೇ ಓದಿಕೊಳ್ಳಿ. ತೆರಿಗೆಯ ವಿಷಯವನ್ನೂ ಆಗಲೇ ಲೆಕ್ಕಪರಿಶೋಧಕರೊಬ್ಬರಲ್ಲಿ ಕೇಳಿ. ಬಳಸಿದ ವಸ್ತುಗಳಿಗೆ ಪೂರ್ತಿ ಬೆಲೆಯ ಬದಲು ಲಾಭಾಂಶದ ಮೇಲೆ ಮಾತ್ರ ತೆರಿಗೆ ಹಾಕುವ ಪದ್ಧತಿ ಹಲವೆಡೆ ಇದೆ.

ಚಿತ್ರ, ವಿವರ, ಜೋಡಣೆ

ಕಟ್ಟಿಗೊಂದು ಒಟ್ಟು ಚಿತ್ರ, ಲೇಬಲ್ಲಿನ ಚಿತ್ರ, ಇದ್ದ ದೋಷಗಳ ಹತ್ತಿರದ ಚಿತ್ರ, ಇಷ್ಟು ಸಾಕು. ದೋಷದ ಪಕ್ಕದಲ್ಲಿ ಅಳತೆ ಟೇಪನ್ನು ಇಟ್ಟು ತೆಗೆದರೆ ಕಲೆ ಎಷ್ಟು ದೊಡ್ಡದೆಂಬ ಪ್ರಶ್ನೆಯೇ ಬರುವುದಿಲ್ಲ. ದೋಷವನ್ನು ಮುಚ್ಚಿಟ್ಟು ಮಾರಿದ ಬಟ್ಟೆ ವಾಪಸ್ಸು ಬಂದಾಗ ನಷ್ಟವಾಗುವುದು ಎರಡು ಕೊರಿಯರ್ ಖರ್ಚು ಮತ್ತು ಒಬ್ಬ ತಾಯಿಯ ನಂಬಿಕೆ. ಕಂಪನಿಯಿಂದ ಕಂಪನಿಗೆ ಅಳತೆಯ ಸಂಖ್ಯೆ ಬದಲಾಗುವುದರಿಂದ, ಅದರ ಜೊತೆಗೆ ಕಂಕುಳಿನಿಂದ ಕಂಕುಳಿಗಿರುವ ಅಗಲ, ಹೆಗಲಿನಿಂದ ಕೆಳಗಿನ ಉದ್ದ, ಸೊಂಟ, ಕಾಲಿನ ಒಳ ಉದ್ದ ಇವನ್ನು ಸೆಂಟಿಮೀಟರಿನಲ್ಲಿ ಬರೆಯಿರಿ. ಎಷ್ಟೋ ಬಾರಿ ಒಗೆದ ಹತ್ತಿಯ ಬಟ್ಟೆ ಲೇಬಲ್ಲಿನ ಅಳತೆಗಿಂತ ಕುಗ್ಗಿರುತ್ತದೆಂಬುದನ್ನೂ ಮರೆಯಬಾರದು. ಹೆಸರಾಂತ ಬ್ರ್ಯಾಂಡಿನ ಬಟ್ಟೆ ಅಸಲಿಯೋ ನಕಲಿಯೋ ಎಂಬ ಸಂಶಯ ಬಂದರೆ ಆ ಹೆಸರಿನಲ್ಲಿ ಮಾರಲೇಬೇಡಿ.

ಜೋಡಣೆಯಲ್ಲಿ ಹೊಸಬರು ಮಾಡುವ ಒಂದು ತಪ್ಪು ಇದೆ: ಅಂಗಿಗಳಿಗೊಂದು ಕಪಾಟು, ಪ್ಯಾಂಟುಗಳಿಗೊಂದು ಕಪಾಟು ಎಂದು ಅಂಗಡಿಯಂತೆ ವಿಂಗಡಿಸುವುದು. ಒಂದು ಬಗೆ ಹೆಚ್ಚು ಬಂದಾಗಲೆಲ್ಲ ಇಡೀ ಕಪಾಟನ್ನು ಸರಿಸಬೇಕಾಗುತ್ತದೆ. ಇದರ ಬದಲು ಪ್ರತಿ ಕಟ್ಟಿಗೂ ಚೀಲದ ಸಂಖ್ಯೆ ಮತ್ತು ಕಟ್ಟಿನ ಸಂಖ್ಯೆ ಸೇರಿದ ಗುರುತು ಕೊಡಿ, 27ನೆಯ ಚೀಲದ ಮೂರನೆಯ ಕಟ್ಟು 27-3 ಎಂಬಂತೆ, ಮತ್ತು ಬಂದ ಕ್ರಮದಲ್ಲೇ ರಟ್ಟಿನ ಪೆಟ್ಟಿಗೆಗಳಲ್ಲಿ ಇಡುತ್ತ ಹೋಗಿ. ಬಗೆಯನ್ನು ಹುಡುಕುವುದು ಸ್ಪ್ರೆಡ್‌ಶೀಟಿನ ಕೆಲಸ, ಪೆಟ್ಟಿಗೆಯದಲ್ಲ. ಚಳಿಗಾಲದ ಬಟ್ಟೆಯನ್ನು ಚಳಿ ಬರುವ ಒಂದೂವರೆ ತಿಂಗಳ ಮೊದಲೇ ಮಾರಾಟಕ್ಕೆ ತೆರೆದಿಡಿ.

ಬೆಲೆ ಮತ್ತು ಪಾಲು

ಬಳಸಿದ ಬಟ್ಟೆಯ ಬೆಲೆಗೆ ಶಾಸ್ತ್ರವೇನೂ ಇಲ್ಲ, ಆದರೆ ಕೆಳಮಿತಿಯೊಂದು ಇರಬೇಕು. ಒಂದು ಕಟ್ಟು 100ಕ್ಕೆ ಮಾರಾಟವಾಯಿತೆಂದುಕೊಳ್ಳಿ. ಅದರಲ್ಲಿ 30 ಕೊಟ್ಟ ಮನೆಗೆ, 20 ಕೊರಿಯರ್ ಮತ್ತು ಪೆಟ್ಟಿಗೆಗೆ, 3 ಹಣ ಪಾವತಿಯ ವ್ಯವಸ್ಥೆಗೆ, 7 ವಾಪಸ್ಸು ಬರುವ ಬಟ್ಟೆಗಳಿಗೆ ಹೋದರೆ ಉಳಿದ 40ರಲ್ಲಿ ನೀರು, ವಿದ್ಯುತ್ತು, ಜಾಗ ಮತ್ತು ನಿಮ್ಮ ದುಡಿಮೆ ಎಲ್ಲ ಸರಿದೂಗಬೇಕು. ಇವು ಉದಾಹರಣೆಯ ಅಂಕಿಗಳು. ನಿಮ್ಮ ಊರಿನ ಖರ್ಚುಗಳನ್ನು ಹಾಕಿ ನೋಡಿ, ನಿಮ್ಮ ನಿಮಿಷಗಳಿಗೆ ಕೂಲಿ ಹುಟ್ಟುವ ಕನಿಷ್ಠ ಬೆಲೆ ಯಾವುದೆಂದು ಕಂಡುಕೊಂಡು ಅದಕ್ಕಿಂತ ಕೆಳಗೆ ಇಳಿಯಬೇಡಿ. ಆರು ವಾರ ಮಾರಾಟವಾಗದ ಕಟ್ಟಿನ ಬೆಲೆಯನ್ನು ಒಮ್ಮೆ ಇಳಿಸಿ, ಇನ್ನೂ ಆರು ವಾರ ಕಾದು, ಆಮೇಲೆ ಮನೆಯವರು ಗುರುತು ಹಾಕಿದಂತೆ ವಾಪಸ್ಸೋ ದಾನವೋ ಮಾಡಿ. ಈ ಕ್ರಮವೂ ಸೂಚನಾ ಹಾಳೆಯಲ್ಲಿ ಮೊದಲೇ ಇರಬೇಕು. ದಾನಕ್ಕೂ ಆಗದ ಹತ್ತಿ ಬಟ್ಟೆ ಒರೆಸುವ ಬಟ್ಟೆಯಾಗಿ ಬಳಕೆಗೆ ಬರುತ್ತದೆ. ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆತ ನೂಲನ್ನು ಮರುಬಳಕೆಗಾಗಿ ಬೇರ್ಪಡಿಸುವುದು ಕಷ್ಟವಾದ್ದರಿಂದ ಅಂಥದ್ದನ್ನು ಆರಂಭದಲ್ಲೇ ಕಡಿಮೆ ಒಪ್ಪಿಕೊಳ್ಳುವುದು ಒಳ್ಳೆಯದು.

ಮೂರು ತಿಂಗಳ ಬಳಿಕ

ಮೂರು ತಿಂಗಳು ಕಳೆದ ಮೇಲೆ ಒಟ್ಟು ಮಾರಾಟಕ್ಕಿಂತ ಮೊದಲು ನೋಡಬೇಕಾದದ್ದು, ಹತ್ತು ಮನೆಗಳಲ್ಲಿ ಎಷ್ಟು ಮನೆಗಳು ನೀವು ಕೇಳದೆಯೇ ಎರಡನೆಯ ಚೀಲ ತರಿಸಿಕೊಂಡವು ಎಂಬುದನ್ನು. ಐದಕ್ಕಿಂತ ಕಡಿಮೆಯಿದ್ದರೆ ಉಳಿದವರಿಗೆ ಕರೆ ಮಾಡಿ ಕಾರಣ ಕೇಳಿ. ಹಣ ತಡವಾಯಿತು, ಏನಾಯಿತೆಂದು ಗೊತ್ತಾಗಲಿಲ್ಲ, ಚೀಲ ತುಂಬುವುದಕ್ಕೂ ಬಿಡುವಾಗಲಿಲ್ಲ, ಇವುಗಳಲ್ಲಿ ಯಾವುದಾದರೊಂದು ಉತ್ತರ ಬರಬಹುದು. ಮೂರನೆಯ ಉತ್ತರ ಬಂದರೆ ಚೀಲವನ್ನು ಚಿಕ್ಕದು ಮಾಡಿ, ಬಟ್ಟೆ ಮಡಚಬೇಕೆಂಬ ಷರತ್ತನ್ನು ತೆಗೆದುಹಾಕಿ, ಒಯ್ಯಲು ಬರುವ ದಿನವನ್ನು ಅವರೇ ಆರಿಸಲಿ.

ಐದಕ್ಕಿಂತ ಹೆಚ್ಚಿದ್ದರೆ ಮೂವತ್ತು ಮನೆಗಳಿಗೆ ವಿಸ್ತರಿಸಿ, ಜಾಲತಾಣವನ್ನು ಆಗ ಮಾಡಿಸಿ, ಸಹಾಯಕ್ಕೊಬ್ಬರನ್ನು ನೇಮಿಸಿಕೊಳ್ಳಿ. ಅವರಿಗೆ ಮೊದಲು ಒಪ್ಪಿಸಬೇಕಾದದ್ದು ಚಿತ್ರ ತೆಗೆಯುವ ಮತ್ತು ಪಾರ್ಸೆಲ್ ಕಟ್ಟುವ ಕೆಲಸವನ್ನು. ಕಿಟಕಿಯ ಪಕ್ಕದ ಪರೀಕ್ಷೆಯ ಮೇಜಿನಲ್ಲಿ ಇನ್ನೂ ಒಂದು ವರ್ಷ ನೀವೇ ಕುಳಿತುಕೊಳ್ಳಿ, ಅವರನ್ನೂ ವಾರಕ್ಕೊಂದು ಚೀಲದಂತೆ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿ.